ಮಣಿಪಾಲದ ‘ಮ’ ಎಲ್ಲಿ ಹೋಯಿತು?

ನಿಮ್ಮ ಶಾಲೆಯ ಅಥವಾ ಕಾಲೇಜಿನ ಕಚೇರಿಯಲ್ಲಿ 2003-04ರ ಸುಮಾರಿನ ಕನ್ನಡ ಕಡತ ಯಾವುದಾದರೂ ಉಳಿದಿದ್ದರೆ ಅದನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ. ವಿಜ್ಞಾನ ವಸ್ತುಪ್ರದರ್ಶನದ ವರದಿ, ವಾರ್ಷಿಕೋತ್ಸವದ ಆಮಂತ್ರಣ, ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆ, ಯಾವುದಾದರೂ ಆದೀತು. ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಬಹುಶಃ ಹೀಗೊಂದು ಸಾಲು ಕಂಡೀತು: ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ‘ಎ’, ಜರ್ಮನರು ಮಾತ್ರ ಬಳಸುವ ಒಂದು ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಮತ್ತೊಮ್ಮೆ ಗೀಟಿನ ‘ಎ’.

ಇದು ವೈರಸ್ಸಿನ ಕಾಟವಲ್ಲ. ಕಡತ ಕೆಟ್ಟಿಲ್ಲ. ಬೆರಳಚ್ಚು ಮಾಡಿದವರೂ ತಪ್ಪು ಮಾಡಿಲ್ಲ. ಅವರು ಸರಿಯಾದ ಕೀಲಿಗಳನ್ನೇ ಒತ್ತಿದ್ದರು, ಪರದೆಯ ಮೇಲೆ ಸರಿಯಾದ ಕನ್ನಡವೇ ಮೂಡಿತ್ತು, ಮುದ್ರಣವೂ ಚೆನ್ನಾಗಿ ಬಂದಿತ್ತು. ಹಾಗಿದ್ದರೆ ಕನ್ನಡ ಎಲ್ಲಿ ಸೋರಿಹೋಯಿತು? ಉತ್ತರ ಬೇಕಾದರೆ ಕಂಪ್ಯೂಟರ್ ಮೇಜಿನ ಮೇಲೆ ನಾವು ಎರಡನೆಯ ಬಾರಿ ನೋಡದ ವಸ್ತುವೊಂದರ ಚರಿತ್ರೆಯನ್ನು ನೋಡಬೇಕು. ಆ ವಸ್ತು ಕೀಲಿಮಣೆ. ಕಚೇರಿಯಲ್ಲಿ ಕೆಲಸ ಮಾಡುವವರು ಪ್ರೊಸೆಸರ್ ಎಷ್ಟು ವೇಗದ್ದು, ಸ್ಮೃತಿ ಎಷ್ಟು, ಪರದೆ ಎಷ್ಟು ಅಗಲ ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ದಿನಕ್ಕೆ ಎಂಟು ಗಂಟೆ ಬೆರಳಿಗೆ ತಗಲುವ ಕೀಲಿಮಣೆಯ ಬಗ್ಗೆ ಮಾತ್ರ ‘ಒತ್ತಿದರೆ ಸಾಕು’ ಎಂಬಷ್ಟೇ ಅಭಿಪ್ರಾಯ. ಕನ್ನಡದ ಮಟ್ಟಿಗೆ ಅಷ್ಟು ಸಾಲದು. ಈ ಚರಿತ್ರೆಯ ಮುಖ್ಯ ಎಳೆ ಮಣಿಪಾಲಕ್ಕೆ ಬಂದು ಸೇರುತ್ತದೆ. ಉಡುಪಿ, ಕಾಪು, ಕಾರ್ಕಳ ಎಂಬ ಊರುಗಳ ಹೆಸರುಗಳನ್ನೇ ಪ್ರಯೋಗದ ಸಾಮಗ್ರಿಯಾಗಿ ಇಟ್ಟುಕೊಂಡು ಅದನ್ನು ಅರ್ಥಮಾಡಿಕೊಳ್ಳಬಹುದು.

ಹದಿನೈದು ಸಾವಿರ ರೂಪಗಳು

ಮೊದಲು ಸಮಸ್ಯೆಯ ಗಾತ್ರ ತಿಳಿಯೋಣ. ಇಂದು ಬಳಕೆಯಲ್ಲಿರುವ ಕನ್ನಡ ಸ್ವರಗಳು 13. ಅನುಸ್ವಾರ ಮತ್ತು ವಿಸರ್ಗ 2. ‘ಳ’ ಸೇರಿಸಿ ವ್ಯಂಜನಗಳು 34. ಪ್ರತಿ ವ್ಯಂಜನಕ್ಕೆ 13 ಸ್ವರಗಳನ್ನು ಕೂಡಿಸಿದರೆ 442 ಗುಣಿತಾಕ್ಷರಗಳು. ಒಂದು ವ್ಯಂಜನದ ಕೆಳಗೆ ಇನ್ನೊಂದರ ಒತ್ತು ಕೊಟ್ಟು, ಅದಕ್ಕೂ ಸ್ವರ ಕೂಡಿಸಿದರೆ 34×34×13, ಅಂದರೆ 15,028. ಇವುಗಳಲ್ಲಿ ಬಹಳಷ್ಟನ್ನು ಯಾರೂ ಬಳಸುವುದಿಲ್ಲ ಎನ್ನಿ. ಆದರೂ ಸಾವಿರಾರು ಉಳಿಯುತ್ತವೆ.

ಮೊಳೆ ಜೋಡಿಸುವ ಕಾಲದಲ್ಲಿ ಇದಕ್ಕೆ ಪರಿಹಾರ ಅಕ್ಷರವನ್ನು ತುಂಡು ಮಾಡುವುದೇ ಆಗಿತ್ತು. ‘ಕ’ದ ಒಡಲು ಒಂದು ಮೊಳೆ, ಒತ್ತು ಇನ್ನೊಂದು, ಕೊಂಬು ಮತ್ತೊಂದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು. ಕಲ್ಲಿನ ಮೇಲೆ ಕೈಬರಹವನ್ನೇ ಅಚ್ಚು ಹಾಕುವಾಗ ಈ ತೊಂದರೆಯೇ ಇರಲಿಲ್ಲ. 1843ರಲ್ಲಿ ಬಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಸೀಸದ ಮೊಳೆ ಬಂದ ಮೇಲೆ ಮುದ್ರಣಾಲಯದ ಪೆಟ್ಟಿಗೆಗಳಲ್ಲಿ ನೂರಾರು ಗೂಡುಗಳು ಬೇಕಾದವು. ಯಾವ ಗೂಡಿನಲ್ಲಿ ಯಾವ ಮೊಳೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಕಂಪೋಸಿಟರ್ ಆಗಲು ವರ್ಷಗಳೇ ಬೇಕಾಗುತ್ತಿದ್ದವು.

ಬೆರಳಚ್ಚು ಯಂತ್ರಕ್ಕೆ ನೂರಾರು ಗೂಡುಗಳ ಸೌಕರ್ಯವಿಲ್ಲ. ಅದರಲ್ಲಿರುವುದು ಐವತ್ತಕ್ಕೂ ಕಡಿಮೆ ಕೀಲಿಗಳು. ಕನ್ನಡ ಬೆರಳಚ್ಚು ಯಂತ್ರಕ್ಕೆ ಅನಂತಸುಬ್ಬರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಅಕ್ಷರವನ್ನು ಇನ್ನೂ ಸಣ್ಣ ಚೂರುಗಳಾಗಿ ಒಡೆಯಲಾಯಿತು. ಒಡಲು ಒಂದು ಹೊಡೆತ, ತಲೆಕಟ್ಟು ಇನ್ನೊಂದು ಹೊಡೆತ. ಕೆಲವು ಕೀಲಿಗಳನ್ನು ಒತ್ತಿದರೆ ಉರುಳೆ ಮುಂದೆ ಸರಿಯುವುದಿಲ್ಲ. ಹಾಗಾಗಿ ಒತ್ತಕ್ಷರ ಅದೇ ಜಾಗದಲ್ಲಿ ಕೆಳಗೆ ಬೀಳುತ್ತದೆ. ಜಾಣ ಏರ್ಪಾಡು. ಪೇಟೆಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಕೂತು ಕಲಿತ ಸಾವಿರಾರು ಮಂದಿಗೆ ಇದು ಅನ್ನ ಕೊಟ್ಟಿದೆ. ಆದರೆ ಇಲ್ಲಿ ಒಂದು ಅಂಶ ಗಮನಿಸಿ: ಯಂತ್ರದ ಮುಂದೆ ಕುಳಿತವರು ಅಕ್ಷರವನ್ನು ಬರೆಯುತ್ತಿರಲಿಲ್ಲ, ಅಕ್ಷರದ ಚಿತ್ರವನ್ನು ಕಟ್ಟುತ್ತಿದ್ದರು. ಕಾಗದದ ಮೇಲೆ ಮಸಿ ಬಿದ್ದರೆ ಕೆಲಸ ಮುಗಿಯುತ್ತಿದ್ದುದರಿಂದ ಈ ವ್ಯತ್ಯಾಸ ಯಾರನ್ನೂ ಕಾಡಲಿಲ್ಲ.

ಮುದ್ರಣದ ನಾಡಿನಲ್ಲಿ

ಉಡುಪಿಯ ಸೀಮೆ ಎಂದರೆ ಬ್ಯಾಂಕುಗಳ ತವರು ಎಂದೇ ಮೊದಲು ನೆನಪಾಗುತ್ತದೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಇಲ್ಲಿ ಹುಟ್ಟಿದವು. ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ಬ್ಯಾಂಕುಗಳ ಯಾಂತ್ರೀಕರಣಕ್ಕೆ ದಾರಿ ತೋರಿದ ರಂಗರಾಜನ್ ಸಮಿತಿಯ ವರದಿ ಬಂದದ್ದು 1984ರಲ್ಲಿ. ಆದರೆ ಬ್ಯಾಂಕಿನ ಲೆಕ್ಕ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1996ರಲ್ಲಿ ಉಡುಪಿಯಲ್ಲೇ ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆ ಆರಂಭವಾದಾಗ ಅದು ಬರೆದದ್ದು ಹೊರದೇಶದ ಗ್ರಾಹಕರಿಗೆ ಬೇಕಾದ ತಂತ್ರಾಂಶಗಳನ್ನು. ಕಂಪ್ಯೂಟರಿನಲ್ಲಿ ಕನ್ನಡ ಬೇಕೇ ಬೇಕು ಎಂಬ ಒತ್ತಡ ಬ್ಯಾಂಕಿನ ಕಡೆಯಿಂದಲೂ ಬರಲಿಲ್ಲ, ತಂತ್ರಾಂಶೋದ್ಯಮದ ಕಡೆಯಿಂದಲೂ ಬರಲಿಲ್ಲ. ಅದು ಬಂದದ್ದು ಮುದ್ರಣದ ಕಡೆಯಿಂದ. ಮಣಿಪಾಲದಲ್ಲಿ 1941ರಲ್ಲೇ ಪವರ್ ಪ್ರೆಸ್ ಸ್ಥಾಪನೆಯಾಗಿತ್ತು. 1970ರಲ್ಲಿ ‘ಉದಯವಾಣಿ’ ದಿನಪತ್ರಿಕೆ ಅಲ್ಲಿಂದ ಹೊರಟಿತು. ದಿನಪತ್ರಿಕೆಗೆ ನಿಧಾನ ಎಂಬುದು ಒಗ್ಗದು.

ನಮ್ಮ ಕಥೆಯ ಮುಖ್ಯ ವ್ಯಕ್ತಿಯೂ ಮುದ್ರಣದ ದಾರಿಯಿಂದಲೇ ಬಂದವರು. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್, 1940ರಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದರು. ಮುಂಬಯಿಗೆ ಹೋಗಿ ತುರ್ಭೆಯ ಪರಮಾಣು ಶಕ್ತಿ ಸಂಸ್ಥೆಯಲ್ಲಿ, ಮುಂದೆ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಸಿಂಧೂ ಮುದ್ರೆಗಳ ಲಿಪಿಯನ್ನು ಕಂಪ್ಯೂಟರಿನ ನೆರವಿನಿಂದ ಪಟ್ಟಿಮಾಡಿದ ಐರಾವತಂ ಮಹಾದೇವನ್ ಅವರೊಡನೆ ಕೈಜೋಡಿಸಿದರು. ಆ ಮೇಲೆ ಟಾಟಾ ಪ್ರೆಸ್, ಮಾನೋಟೈಪ್. ಅಂದರೆ ಫೋಟೊ ಅಕ್ಷರಜೋಡಣೆಯ ಜಗತ್ತು. ಕೊನೆಗೆ ನೆಲೆಸಿದ್ದು ಮಣಿಪಾಲದಲ್ಲಿ.

ಓದಲಾಗದ ಒಂದು ಲಿಪಿಯನ್ನು ಯಂತ್ರಕ್ಕೆ ಉಣಿಸಿದ ಅನುಭವ ನಿತ್ಯ ಓದುವ ಲಿಪಿಯನ್ನು ಹೊಸದಾಗಿ ನೋಡಲು ನೆರವಾಗಿರಬೇಕು ಎಂದು ನನ್ನ ಊಹೆ. ಸಿಂಧೂ ಲಿಪಿಯಲ್ಲಿ ಆಕಾರ ಮಾತ್ರ ನಮಗೆ ಗೊತ್ತು, ಉಚ್ಚಾರ ಗೊತ್ತಿಲ್ಲ. ಕನ್ನಡದಲ್ಲಿ ಹಾಗಲ್ಲ. ಉಚ್ಚಾರ ಗೊತ್ತಿದ್ದರೆ ಆಕಾರ ತಾನಾಗಿ ಸಿದ್ಧಿಸುತ್ತದೆ: ‘ಕ್’ ಮತ್ತು ‘ಇ’ ಸೇರಿದರೆ ‘ಕಿ’ ಎಂದೇ ಬರೆಯಬೇಕು, ಬೇರೆ ಆಯ್ಕೆಯೇ ಇಲ್ಲ. ಆಯ್ಕೆ ಇಲ್ಲದ ಕೆಲಸವನ್ನು ಮನುಷ್ಯ ಏಕೆ ಮಾಡಬೇಕು? ಅದನ್ನು ಯಂತ್ರಕ್ಕೆ ಬಿಡಬಹುದಲ್ಲ!

ಐವತ್ತು ಸಂಕೇತಗಳು, ಐವತ್ತೆರಡು ಸ್ಥಾನಗಳು

ರಾವ್ ಅವರ ಕೀಲಿಮಣೆ ವಿನ್ಯಾಸದ ಲೆಕ್ಕಾಚಾರ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಲು ತಕ್ಕುದು. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು 26. ಶಿಫ್ಟ್ ಕೀಲಿಯ ಜೊತೆ ಎಣಿಸಿದರೆ 52 ಸ್ಥಾನಗಳು. ಕನ್ನಡಕ್ಕೆ ಬೇಕಾದುದೆಷ್ಟು? ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49. ಎರಡು ವ್ಯಂಜನಗಳನ್ನು ಬೆಸೆಯಲು, ಅಂದರೆ ಅರ್ಧಾಕ್ಷರದ ಚಿಹ್ನೆಗೆ, ಇನ್ನೊಂದು. ಅಲ್ಲಿಗೆ 50. ಐವತ್ತೆರಡರಲ್ಲಿ ಎರಡು ಸ್ಥಾನ ಮಿಕ್ಕಿತು! ಅಂಕಿಗಳ ಸಾಲನ್ನಾಗಲಿ ವಿರಾಮಚಿಹ್ನೆಗಳನ್ನಾಗಲಿ ಮುಟ್ಟಬೇಕಾಗಿಯೇ ಇಲ್ಲ.

ಈ ಲೆಕ್ಕ ಕೂಡಿಬರಲು ಕಾರಣವಾದ ಉಪಾಯವನ್ನು ಮುಖ್ಯವಾಗಿ ಗಮನಿಸಬೇಕು. ಒಂದೇ ಕೀಲಿ ‘ಇ’ ಎಂಬ ಸ್ವರಕ್ಕೂ ‘ಕಿ’ಯಲ್ಲಿರುವ ಗುಡಿಸಿಗೂ ಸಲ್ಲುತ್ತದೆ. ಪದದ ಮೊದಲಲ್ಲಿ ಒತ್ತಿದರೆ ಸ್ವರ. ವ್ಯಂಜನದ ಬೆನ್ನಿಗೆ ಒತ್ತಿದರೆ ಸ್ವರಚಿಹ್ನೆ. ಯಾವುದು ಎಲ್ಲಿ ಎಂದು ತೀರ್ಮಾನಿಸುವುದು ತಂತ್ರಾಂಶ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲಿ ಭಾರತೀಯ ಭಾಷೆಗಳಿಗೆಲ್ಲ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಉಚ್ಚಾರವನ್ನೇ ಆಧರಿಸಿದೆ. ಒಂದು ಲಿಪಿ ಕಲಿತವರು ಇನ್ನೊಂದನ್ನೂ ಒತ್ತಬಹುದು ಎಂಬ ದೊಡ್ಡ ಗುಣವೂ ಅದಕ್ಕಿದೆ. ಆದರೆ ಅದು ಸ್ವರಕ್ಕೊಂದು, ಸ್ವರಚಿಹ್ನೆಗೊಂದು ಸ್ಥಾನ ಕೊಡುತ್ತದೆ. ಹಾಗಾಗಿ ಅಕ್ಷರದ ಕೀಲಿಗಳನ್ನು ಮೀರಿ ಬೇರೆ ಕೀಲಿಗಳನ್ನೂ ಬಳಸಬೇಕಾಗುತ್ತದೆ. ಜೊತೆಗೆ, ಇಂಗ್ಲಿಷ್ ಕೀಲಿಮಣೆಗೆ ಕೈ ಕೂತವರು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ರಾವ್ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಸೇರಿಸಿದರೆ ‘ಖ’. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಮೇಲೆ. ಮಕ್ಕಳಿಗೆ ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು.

ಈಗ ನಮ್ಮ ಊರುಗಳನ್ನು ಒತ್ತಿ ನೋಡೋಣ. ‘ಕಾಪು’ ಎನ್ನಲು ಕೆ, ದೊಡ್ಡ ಎ, ಪಿ, ಯು: ನಾಲ್ಕು ಹೊಡೆತ. ‘ಉಡುಪಿ’ಗೆ ಯು, ಡಬ್ಲ್ಯು, ಯು, ಪಿ, ಐ: ಐದು. ಇಲ್ಲಿ ‘ಡ’ಕ್ಕೆ ಡಬ್ಲ್ಯು ಏಕೆ ಎಂದು ನೀವು ಕೇಳುತ್ತೀರಿ. ‘ಡಿ’ ಆಗಲೇ ‘ದ’ಕ್ಕೆ ಹೋಗಿದೆ. ಅದೇ ರೀತಿ ‘ಟಿ’ಯನ್ನು ‘ತ’ ಹಿಡಿದಿರುವುದರಿಂದ ‘ಟ’ ವರ್ಗದವರು ‘ಕ್ಯೂ’, ‘ಡಬ್ಲ್ಯು’ ಎಂಬ ಖಾಲಿ ಮನೆಗಳಿಗೆ ಹೋಗಬೇಕಾಯಿತು. ಇಡೀ ವಿನ್ಯಾಸದಲ್ಲಿ ಹೊಸಬರು ಎಡವುವುದು ಮುಖ್ಯವಾಗಿ ಇಲ್ಲೇ. ‘ಙ’, ‘ಞ’ಗಳಂಥ ಅಪರೂಪದ ಅಕ್ಷರಗಳಿಗೆ ಎಡಮೂಲೆಯ ‘ಝಡ್’ ಕೀಲಿ. ಮಿಕ್ಕ ಎರಡು ಸ್ಥಾನಗಳು ದೊಡ್ಡ ‘ಎಫ್’ ಮತ್ತು ದೊಡ್ಡ ‘ಎಕ್ಸ್’.

‘ಮಣಿಪಾಲ’ಕ್ಕೆ ಆರು ಹೊಡೆತ: ಮ, ಣ, ಇ, ಪ, ಆ, ಲ. ‘ಕಾರ್ಕಳ’ಕ್ಕೂ ಆರು: ಕ, ಆ, ರ, ಬೆಸುಗೆಯ ಕೀಲಿಯಾದ ಸಣ್ಣ ‘ಎಫ್’, ಕ, ಳ. ಇಂಗ್ಲಿಷ್ ಕಾಗುಣಿತದಂತೆ ಒತ್ತುವ ಲಿಪ್ಯಂತರ ವಿಧಾನದಲ್ಲಿ ಇವೇ ಪದಗಳಿಗೆ ಎಂಟು ಮತ್ತು ಏಳು ಹೊಡೆತಗಳು ಬೇಕು, ಏಕೆಂದರೆ ಅಲ್ಲಿ ‘ಮ’ ಎನ್ನಲು ಎಮ್ ಮತ್ತು ಎ ಎರಡನ್ನೂ ಒತ್ತಬೇಕು. ಕನ್ನಡದ ವ್ಯಂಜನದೊಳಗೆ ‘ಅ’ಕಾರ ಅಡಗಿಯೇ ಇದೆ ಎಂಬುದನ್ನು ರಾವ್ ವಿನ್ಯಾಸ ಬಳಸಿಕೊಂಡಿತು. ಈ ಹೊಡೆತಗಳ ಎಣಿಕೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ವಿನ್ಯಾಸವನ್ನು ಹೊತ್ತ ತಮ್ಮ ತಂತ್ರಾಂಶಕ್ಕೆ ರಾವ್ ಇಟ್ಟ ಹೆಸರು ‘ಸೇಡಿಯಾಪು’. ‘ವಿಚಾರಪ್ರಪಂಚ’ಕ್ಕಾಗಿ 1994ರ ಪಂಪ ಪ್ರಶಸ್ತಿ ಪಡೆದ ಪಂಡಿತ ಸೇಡಿಯಾಪು ಕೃಷ್ಣಭಟ್ಟರ (1902-1996) ಹೆಸರು ಅದು. ಕೃಷ್ಣಭಟ್ಟರು ಛಂದಸ್ಸಿನ ಆಳವಾದ ವಿದ್ವಾಂಸರು. ತಂತ್ರಾಂಶಕ್ಕೂ ಛಂದಸ್ಸಿಗೂ ಏನು ಸಂಬಂಧ ಎನ್ನಬೇಡಿ. ‘ಅಕ್ಕ’ ಎಂದು ಬರೆಯುವಾಗ ನಾವು ‘ಅ’ ಬರೆದು ಪಕ್ಕದಲ್ಲಿ ‘ಕ್ಕ’ ಬರೆಯುತ್ತೇವೆ. ಆದರೆ ಪ್ರಸ್ತಾರ ಹಾಕುವಾಗ ‘ಅ’ ಗುರು ಎನ್ನುತ್ತೇವೆ, ಏಕೆಂದರೆ ಕಿವಿಗೆ ಅದು ‘ಅಕ್-ಕ’. ಕಣ್ಣಿಗೆ ಕಾಣುವ ತುಂಡು ಒಂದು, ಕಿವಿಗೆ ಕೇಳುವ ತುಂಡು ಇನ್ನೊಂದು. ಕನ್ನಡ ಛಂದಸ್ಸು ಸಾವಿರ ವರ್ಷದಿಂದ ಕಿವಿಯ ಮಾತನ್ನೇ ನಂಬಿದೆ. ರಾವ್ ವಿನ್ಯಾಸದಲ್ಲಿ ‘ಅಕ್ಕ’ ಒತ್ತುವಾಗ ಬೆಸುಗೆಯ ಕೀಲಿ ಬೀಳುವುದೂ ಸರಿಯಾಗಿ ಆ ‘ಕ್’ ಮತ್ತು ‘ಕ’ಗಳ ನಡುವೆ.

ಸೇಡಿಯಾಪುವನ್ನು ಅವರು ಉಚಿತವಾಗಿ ಹಂಚಿದರು. ವಿನ್ಯಾಸದ ಮೇಲೆ ಹಕ್ಕು ಸ್ಥಾಪಿಸಿ ಹಣ ಕೇಳಲಿಲ್ಲ. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ಸಿದ್ಧಪಡಿಸಿದಾಗ ಅದರ ಕೀಲಿಮಣೆ ಇದೇ ಆಯಿತು. ಕರ್ನಾಟಕ ಸರ್ಕಾರ ಒಪ್ಪಿದ ಶಿಷ್ಟ ವಿನ್ಯಾಸವೂ ಇದೇ. ನುಡಿಯ ಕೀಲಿಮಣೆ ಎಂದು ನಾವು ಹೇಳುವುದರ ಹಿಂದೆ ಇರುವವರು ರಾವ್. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು.

ಹಳೆಯ ಬೆರಳಚ್ಚುಗಾರರಿಗೆ ಇದು ಸುಲಭವಾಗಿ ರುಚಿಸಲಿಲ್ಲ ಎಂಬುದನ್ನೂ ಹೇಳಬೇಕು. ಇಪ್ಪತ್ತು ವರ್ಷ ಚೂರುಗಳನ್ನು ಜೋಡಿಸಿ ಅಭ್ಯಾಸವಾದ ಬೆರಳಿಗೆ ‘ನೀನು ಉಚ್ಚಾರ ಮಾತ್ರ ಹೇಳು’ ಎಂದರೆ ಸಿಟ್ಟು ಬರುವುದು ಸಹಜ. ಅವರ ವೇಗವೇ ಅವರ ಬಂಡವಾಳ. ಕಚೇರಿಗಳಲ್ಲಿ ಹೊಸ ಯಂತ್ರಕ್ಕೆ ಬರುವ ವಿರೋಧವನ್ನು ‘ಹಳೆಯ ತಲೆಗಳು’ ಎಂದು ತಳ್ಳಿಹಾಕುವವರು ಈ ಬಂಡವಾಳದ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒತ್ತಿದ್ದು ಒಂದು, ಉಳಿಸಿದ್ದು ಇನ್ನೊಂದು

ಇಷ್ಟು ಅಚ್ಚುಕಟ್ಟಾದ ಕೀಲಿಮಣೆ ಇದ್ದೂ 2003ರ ಕಡತ ಏಕೆ ಓದಲು ಬಾರದು? ಇಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಬೆರಳು ಒತ್ತುವುದು ಕೀಲಿ. ಕಡತದಲ್ಲಿ ಉಳಿಯುವುದು ಸಂಖ್ಯೆ, ಅಂದರೆ ಸಂಕೇತ. ಪರದೆಯ ಮೇಲೆ ಕಾಣುವುದು ಫಾಂಟಿನಲ್ಲಿರುವ ಚಿತ್ರ. ಮೂರಕ್ಕೂ ನಂಟಿದೆ, ಆದರೆ ಮೂರೂ ಒಂದೇ ಅಲ್ಲ.

ಸಂಕೇತ ಎಂಬುದು ಒಪ್ಪಂದ. ಕಾಪುವಿನ ಕಡಲತೀರದ ಬಂಡೆಯ ಮೇಲೆ 1901ರಿಂದ ದೀಪಸ್ತಂಭವೊಂದು ನಿಂತಿದೆ. ರಾತ್ರಿ ಅದರ ದೀಪ ಮಿನುಗುವ ಕ್ರಮಕ್ಕೆ ಅರ್ಥವಿರುವುದು ನಾವಿಕನ ಕೈಯಲ್ಲಿ ದೀಪಗಳ ಪಟ್ಟಿ ಇದ್ದಾಗ ಮಾತ್ರ. ಪಟ್ಟಿ ನೋಡಿ ‘ಇದು ಕಾಪು’ ಎನ್ನುತ್ತಾನೆ. ಪ್ರತಿ ಹಡಗಿನವನೂ ತನ್ನದೇ ಪಟ್ಟಿ ಮಾಡಿಕೊಂಡಿದ್ದರೆ? ಒಬ್ಬನಿಗೆ ಅದು ಕಾಪು, ಇನ್ನೊಬ್ಬನಿಗೆ ಮಲ್ಪೆ.

1990ರ ದಶಕದ ಕನ್ನಡ ಡಿ.ಟಿ.ಪಿ. ಜಗತ್ತಿನಲ್ಲಿ ಆದದ್ದು ಇದೇ. ಪ್ರಕಾಶಕ್, ಆಕೃತಿ, ಶ್ರೀಲಿಪಿ, ಅನಂತರ 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ, ಆಮೇಲೆ ನುಡಿ: ಎಲ್ಲವೂ ಒಳ್ಳೆಯ ಕೆಲಸ ಮಾಡಿದವು. ಆದರೆ ಆ ಕಾಲದ ಕಂಪ್ಯೂಟರಿನಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದುದು 256 ಮನೆಗಳು. ಮೊದಲ ಕೆಲವು ಯಂತ್ರದ ಸ್ವಂತ ಕೆಲಸಕ್ಕೆ ಹೋದರೆ ಮಿಕ್ಕದ್ದು ಸುಮಾರು ಇನ್ನೂರು. ಆ ಇನ್ನೂರು ಮನೆಗಳಲ್ಲಿ ಇಂಗ್ಲಿಷ್ ಹಾಗೂ ಯೂರೋಪಿನ ಅಕ್ಷರಗಳನ್ನು ಒಕ್ಕಲೆಬ್ಬಿಸಿ ಕನ್ನಡದ ಚೂರುಗಳನ್ನು ಕೂರಿಸಲಾಯಿತು. ಯಾವ ಚೂರು ಯಾವ ಮನೆಯಲ್ಲಿ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಭಾರತೀಯ ಮಾನಕ ಬ್ಯೂರೋ 1991ರಲ್ಲೇ ಇಸ್ಕಿ ಎಂಬ ಸಂಕೇತಕ್ರಮವನ್ನು ಪ್ರಕಟಿಸಿತ್ತು, ಅದು ಉಚ್ಚಾರವನ್ನೇ ಉಳಿಸುತ್ತಿತ್ತು. ಮುದ್ರಣದ ಅಂಗಡಿಗಳಲ್ಲಿ ಅದಕ್ಕೆ ಬೇರು ಬಿಡಲು ಆಗಲಿಲ್ಲ. ಅಲ್ಲಿ ಗಿರಾಕಿ ಕೇಳುತ್ತಿದ್ದುದು ಮದುವೆ ಕಾಗದ ಚೆಂದ ಕಾಣಬೇಕು, ಯಕ್ಷಗಾನದ ಕರಪತ್ರ ಸಂಜೆಗೇ ಬೇಕು ಎಂದು. ಕಡತ ಇಪ್ಪತ್ತು ವರ್ಷ ಬಾಳಬೇಕು ಎಂದು ಯಾರೂ ಕೇಳಲಿಲ್ಲ.

ಹೀಗಾಗಿ ಬೆರಳು ಉಚ್ಚಾರವನ್ನು ಒತ್ತಿತು, ಕಡತ ಮಾತ್ರ ಹಳೆಯ ಬೆರಳಚ್ಚು ಯಂತ್ರದಂತೆ ಚಿತ್ರದ ಚೂರುಗಳನ್ನು ಉಳಿಸಿತು. ರಾವ್ ಅವರ ವಿಚಾರ ಕೀಲಿಮಣೆಯ ಹೊಸ್ತಿಲಲ್ಲೇ ನಿಂತುಹೋಯಿತು, ಡಿಸ್ಕಿನವರೆಗೆ ಹೋಗಲಿಲ್ಲ.

ಹಳೆಯ ನುಡಿ ಫಾಂಟಿನ ಲೆಕ್ಕದಲ್ಲಿ ‘ಕನ್ನಡ’ ಎಂಬುದು ಏಳು ಸಂಖ್ಯೆಗಳು: 80, 192, 163, 192, 223, 113, 192. ಮೂರು ಬಾರಿ ಬಂದಿರುವ 192 ಯಾವುದು ಗೊತ್ತೇ? ತಲೆಕಟ್ಟು. 80 ಎಂದರೆ ತಲೆಕಟ್ಟಿಲ್ಲದ ‘ಕ’ದ ಒಡಲು. ‘ಕಿ’ಗೆ ಮಾತ್ರ ಬೇರೆಯೇ ಚಿತ್ರ ಬೇಕಾದ್ದರಿಂದ ಅದಕ್ಕೆ 81 ಎಂಬ ಪ್ರತ್ಯೇಕ ಮನೆ. ಅಂದರೆ ಕಂಪ್ಯೂಟರಿನ ದೃಷ್ಟಿಯಲ್ಲಿ ‘ಕ’ಕ್ಕೂ ‘ಕಿ’ಗೂ ಯಾವ ಸಂಬಂಧವೂ ಇಲ್ಲ.

ಇನ್ನು ‘ಮ’ದ ಪಾಡು ನೋಡಿ. ‘ವ’ದ ಪಕ್ಕಕ್ಕೆ ಕೊಂಬಿನಂಥ ಬಾಲ ಎಳೆದರೆ ನೋಡಲು ‘ಮ’ ಆಗುತ್ತದೆ. ಜಾಗ ಉಳಿಸಲು ಫಾಂಟಿನವರು ಹಾಗೆಯೇ ಮಾಡಿದರು: ‘ವ’ದ ಒಡಲು, ತಲೆಕಟ್ಟು, ಕೊಂಬು, ಮೂರು ಸೇರಿ ‘ಮ’. ನಿಜವಾದ ‘ವು’ ಬಂದಾಗ ಗೊಂದಲವಾಗದಿರಲೆಂದು ಅದಕ್ಕೆ ಬೇರೆ ಬಗೆಯ ಕೊಂಬು. ಹಾಗಾಗಿ ಹಳೆಯ ಕಡತದಲ್ಲಿ ‘ಮಣಿಪಾಲ’ದಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ. ಇರುವುದು ವೇಷ ಹಾಕಿದ ‘ವ’. ‘ಯ’ದ ಕಥೆ ಇನ್ನೂ ಸೊಗಸು. ಅದರ ಎಡಭಾಗದಲ್ಲಿ ಸೊನ್ನೆಯಂಥ ಸುತ್ತು ಇದೆಯಲ್ಲ, ಅದಕ್ಕೆ ಅನುಸ್ವಾರದ ಚಿತ್ರವನ್ನೇ ಎರವಲು ತಂದರು. ಹೀಗೆ ನಾಲ್ಕು ಚೂರುಗಳು ಸೇರಿ ಒಂದು ‘ಯ’ ಆಗುತ್ತದೆ. ಮೊಳೆ ಪೆಟ್ಟಿಗೆಯ ಮುಂದೆ ಬೆಳೆದ ಜಾಣತನ ಇದು. ನಾನು ಇದನ್ನು ಹಳಿಯಲಾರೆ. ಇನ್ನೂರು ಮನೆಗಳಲ್ಲಿ ಕನ್ನಡವನ್ನೆಲ್ಲ ಕೂರಿಸಿ, ಓದಲು ಹಿತವಾಗುವಂತೆ ಮುದ್ರಿಸಿ ತೋರಿಸಿದವರು ಸಾಮಾನ್ಯರಲ್ಲ.

ಪರಿಣಾಮ ಮಾತ್ರ ಕಚೇರಿಗಳಲ್ಲಿ ದಿನವೂ ಕಂಡಿತು. ಹಾಜರಿ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ಚೂರುಗಳ ಸಂಖ್ಯೆ ನೋಡಿ ಜೋಡಿಸುತ್ತಿತ್ತು. ‘ವ’ ಹುಡುಕಿದರೆ ‘ಮ’ ಸಿಗುತ್ತಿತ್ತು. ಒಂದು ತಂತ್ರಾಂಶದ ಕಡತ ಇನ್ನೊಂದರಲ್ಲಿ ತೆರೆಯದು. ಫ್ಲಾಪಿಯಲ್ಲಿ ಲೇಖನ ತಂದವರಿಗೆ ‘ಫಾಂಟೂ ತಂದಿದ್ದೀರಾ?’ ಎಂದು ಮೊದಲು ಕೇಳಬೇಕಾಗಿತ್ತು. ಅದರ ಮೇಲೆ ಕರಾವಳಿಯ ಮಳೆಗಾಲದ ತೇವಕ್ಕೆ ಫ್ಲಾಪಿಗೆ ಬೂಷ್ಟು ಬೇರೆ.

ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಬಾಹುಬಲಿಯ ಬಳಿ ಕಲ್ಲಿನಲ್ಲಿ ಕೆತ್ತಿದ ಬರಹವನ್ನು ಲಿಪಿ ಬಲ್ಲವರು ಇಂದಿಗೂ ಓದುತ್ತಾರೆ. ಅದೇ ಊರಿನ ಅಂಗಡಿಯೊಂದರಲ್ಲಿ 1998ರಲ್ಲಿ ಅಚ್ಚಾದ ಸ್ಮರಣಸಂಚಿಕೆಯ ಮೂಲ ಕಡತವನ್ನು ತೆರೆಯಲು ಆಗಿನ ಫಾಂಟ್ ಸಿಗದಿದ್ದರೆ ಯಾವ ಪಂಡಿತರಿಗೂ ಓದಲಾಗದು.

3200ರಿಂದ 3327

ಈ ಗೊಂದಲಕ್ಕೆ ಪರಿಹಾರ ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರೆ ಯಾರಿಗೂ ಕೊಡದ ಒಂದು ಸಂಖ್ಯೆ ಎಂಬುದು ಅದರ ನಿಯಮ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಓಣಿಯೊಂದು ಸಿಕ್ಕಿತು. ದಶಮಾನದಲ್ಲಿ ಹೇಳಿದರೆ 3200ರಿಂದ 3327ರವರೆಗೆ. ಇಸ್ಕಿಯ ಕ್ರಮವನ್ನೇ ಅನುಸರಿಸಿದ ಈ ಓಣಿಯಲ್ಲಿ ತಲೆಕಟ್ಟಿಗೆ ಮನೆ ಇಲ್ಲ, ಒತ್ತಕ್ಷರಗಳಿಗೂ ಇಲ್ಲ. ಇಲ್ಲಿರುವುದು ಸ್ವರ, ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಮತ್ತು ಅಂಕಿಗಳು. ಚಿತ್ರ ಬಿಡಿಸುವುದು ಫಾಂಟಿನ ಹೊಣೆ.

‘ಕನ್ನಡ’ ಇಲ್ಲಿ ಐದೇ ಸಂಖ್ಯೆ: 3221, 3240, 3277, 3240, 3233. ಅಂದರೆ ಕ, ನ, ಬೆಸುಗೆ, ನ, ಡ. ಈಗ ಹಿಂದೆ ಎಣಿಸಿದ ಹೊಡೆತಗಳನ್ನು ನೆನಪಿಸಿಕೊಳ್ಳಿ. ರಾವ್ ಕೀಲಿಮಣೆಯಲ್ಲಿ ‘ಕನ್ನಡ’ಕ್ಕೆ ಐದು ಹೊಡೆತ. ‘ಮಣಿಪಾಲ’ಕ್ಕೆ ಆರು ಹೊಡೆತ, ಯೂನಿಕೋಡಿನಲ್ಲೂ ಆರು ಸಂಖ್ಯೆ. ‘ಕಾಪು’ ನಾಲ್ಕು, ನಾಲ್ಕು. ‘ಉಡುಪಿ’ ಐದು, ಐದು. ‘ಕಾರ್ಕಳ’ ಆರು, ಆರು. ಇದು ಆಕಸ್ಮಿಕವಲ್ಲ. ಅಕ್ಷರ ಎಂದರೆ ಏನು ಎಂಬ ಪ್ರಶ್ನೆಗೆ ಇಬ್ಬರೂ ಕೊಟ್ಟ ಉತ್ತರ ಒಂದೇ ಆಗಿತ್ತು. ಅದು ವರ್ಣಮಾಲೆಯಲ್ಲೇ ಇದ್ದ ಉತ್ತರ. ಒಂದೇ ವ್ಯತ್ಯಾಸವೆಂದರೆ ಯೂನಿಕೋಡಿನಲ್ಲಿ ‘ಇ’ಗೆ 3207, ಗುಡಿಸಿಗೆ 3263 ಎಂದು ಎರಡು ಸಂಖ್ಯೆಗಳಿವೆ, ಕೀಲಿಮಣೆಯಲ್ಲಿ ಒಂದೇ ಕೀಲಿ.

ಸಂಖ್ಯೆ ಸಿಕ್ಕ ಕೂಡಲೇ ಕನ್ನಡ ಪರದೆಗೆ ಬರಲಿಲ್ಲ. ಕಾರ್ಯಾಚರಣ ವ್ಯವಸ್ಥೆ ಒತ್ತಕ್ಷರ ಕಟ್ಟಲು ಕಲಿಯಬೇಕಿತ್ತು. ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಎಂಬ ಫಾಂಟಿನೊಡನೆ ಕನ್ನಡವನ್ನು ಬೆಂಬಲಿಸಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಆದರೆ ಪುಟವಿನ್ಯಾಸದ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಒಪ್ಪಿಕೊಳ್ಳಲು ಮತ್ತೂ ಅನೇಕ ವರ್ಷ ಹಿಡಿಯಿತು. ಅಷ್ಟರವರೆಗೆ ಮುದ್ರಣದವರು ಚೂರುಗಳ ಲೋಕದಲ್ಲೇ ಉಳಿದರು, ಕಚೇರಿಗಳು ಅವರ ಜೊತೆಗೆ. ಸುಮಾರು ಹದಿನೈದು ವರ್ಷಗಳ ಕನ್ನಡ ಬರಹ, ಪಠ್ಯ, ವರದಿ, ಸಂಶೋಧನ ಪ್ರಬಂಧಗಳು ಹೀಗೆ ಚೂರುಗಳಾಗಿ ಕುಳಿತಿವೆ. ಕಂಪ್ಯೂಟರಿಗೆ ಕನ್ನಡ ಕಲಿಸುವ ಇಂದಿನ ಪ್ರಯತ್ನಗಳಿಗೆ ಬೇಕಾದುದು ದೊಡ್ಡ ಪ್ರಮಾಣದ ಕನ್ನಡ ಪಠ್ಯ. ನಮ್ಮಲ್ಲಿ ಅದು ಇಲ್ಲದೆ ಇಲ್ಲ. ಇದ್ದೂ ಓದಲಾಗದ ಸ್ಥಿತಿಯಲ್ಲಿದೆ.

ಪರಿವರ್ತಿಸುವಾಗ

ಚೂರುಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಮೊದಲು ಕಡತ ಯಾವ ಫಾಂಟಿನದು ಎಂದು ಪತ್ತೆಮಾಡಿ. ನುಡಿಯ ಕಡತಕ್ಕೆ ಶ್ರೀಲಿಪಿಯ ಪರಿವರ್ತಕ ಹಾಕಿದರೆ ಅಧ್ವಾನವಾಗುತ್ತದೆ.

ಪರಿವರ್ತಕ ಸರಿಯೋ ಎಂದು ಪರೀಕ್ಷಿಸಲು ‘ಕಾರ್ಕಳ’ಕ್ಕಿಂತ ಒಳ್ಳೆಯ ಪದ ಸಿಗಲಾರದು. ಬರೆಯುವಾಗ ನಾವು ಅರ್ಕಾವತ್ತನ್ನು ‘ಕ’ದ ಬಳಿಕ ಹಾಕುತ್ತೇವೆ. ಹಳೆಯ ಕಡತವೂ ಅದೇ ಕ್ರಮದಲ್ಲಿ ಉಳಿಸಿದೆ: ಕಾ, ಕ, ಅರ್ಕಾವತ್ತು, ಳ. ಉಚ್ಚಾರದಲ್ಲಿ ‘ರ್’ ಮೊದಲು, ‘ಕ’ ಆಮೇಲೆ. ಆದ್ದರಿಂದ ಪರಿವರ್ತಕ ಒಂದೊಂದು ಚೂರಿಗೆ ಒಂದೊಂದು ಸಂಖ್ಯೆ ಇಟ್ಟರೆ ಸಾಲದು. ಹಿಂದೆ ಹೋಗಿ ‘ರ್’ ಅನ್ನು ‘ಕ’ದ ಮೊದಲಿಗೆ ತಂದಿಡಬೇಕು. ಅದನ್ನು ಮರೆತ ಪರಿವರ್ತಕದಲ್ಲಿ ಕಾರ್ಕಳ ‘ಕಾಕರ್ಳ’ ಆಗುತ್ತದೆ, ಸೂರ್ಯ, ಧರ್ಮ, ವರ್ಷಗಳೆಲ್ಲ ಇದೇ ರೀತಿ ತಿರುಚಿಕೊಳ್ಳುತ್ತವೆ. ಇದಾದ ಮೇಲೆ ‘ಮ’, ‘ವು’, ‘ಯ’ ಇರುವ ಪದಗಳನ್ನು ನೋಡಿ. ‘ರ‍್ಯಾಂಕ್’ ಎಂಬ ಪದವನ್ನೂ ನೋಡಿ. ಅಲ್ಲಿ ‘ರ’ದ ಕೆಳಗೆ ‘ಯ’ದ ಒತ್ತು ನಿಲ್ಲಬೇಕಾದರೆ ಯೂನಿಕೋಡಿನಲ್ಲಿ 8205 ಎಂಬ ಕಣ್ಣಿಗೆ ಕಾಣದ ಚಿಹ್ನೆ ನಡುವೆ ಇರಬೇಕು. ಇಲ್ಲವಾದರೆ ಅದು ಸೂರ್ಯನಂತೆ ಅರ್ಕಾವತ್ತಾಗಿ ಬಿಡುತ್ತದೆ.

ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪ್ರಾಯೋಗಿಕ ಕೆಲಸ. ತರಗತಿಯ ಹೆಸರುಗಳನ್ನು ಹಳೆಯ ಫಾಂಟಿನಲ್ಲಿ ಒಮ್ಮೆ, ಯೂನಿಕೋಡಿನಲ್ಲಿ ಒಮ್ಮೆ ಒತ್ತಿಸಿ, ಎರಡನ್ನೂ ಯಂತ್ರದಿಂದಲೇ ಅಕಾರಾದಿಯಾಗಿ ಜೋಡಿಸಿ, ವ್ಯತ್ಯಾಸಕ್ಕೆ ಕಾರಣ ಬರೆಯಲು ಹೇಳಿ. ಶಾಲೆಯ ಹಳೆಯ ಕಡತಗಳನ್ನು ಪರಿವರ್ತಿಸಿದ ಮೇಲೆ ಮೂಲ ಕಡತವನ್ನು ಅಳಿಸಬೇಡಿ. ಅದು ಯಾವ ತಂತ್ರಾಂಶದ ಯಾವ ಫಾಂಟಿನಲ್ಲಿತ್ತು ಎಂಬುದನ್ನು ಕಡತದ ಹೆಸರಿನಲ್ಲೇ ಬರೆದು, ಆ ಫಾಂಟಿನ ಒಂದು ಪ್ರತಿಯನ್ನೂ ಪಕ್ಕದಲ್ಲೇ ಉಳಿಸಿಡಿ.